ಮುತ್ತಮ್ಮಾಳ್ ಕೊಂಬೈಗೆ ತಂದ ಚೀನಾ ರಾಜಿ

ಕೊಂಬೈ ಊರಿನ ಮುತ್ತಮ್ಮಾಳಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಒಮ್ಮೆ ಕಿವಿಗೆ ಬಿದ್ದದ್ದು ಅವಳ ತಲೆಯಿಂದ ಜಾರುತ್ತಿರಲಿಲ್ಲ. ಹನ್ನೆರಡು ವರ್ಷದ ಹಿಂದಿನ ಮದುವೆಯಲ್ಲಿ ಯಾರು ಯಾರ ಪಕ್ಕ ಊಟಕ್ಕೆ ಕೂತಿದ್ದರು, ಪಾಯಸ ಸಾಕು ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದು ಬೆರಳ ಸಂದಿಯಲ್ಲಿ ಬಡಿಸಿಕೊಂಡವರು ಯಾರು, ಎಲ್ಲವನ್ನೂ ನಿನ್ನೆ ಕಂಡ ಹಾಗೆ ಹೇಳುತ್ತಿದ್ದಳು. ಅವಳ ಎದುರು ಸುಳ್ಳು ಹೇಳಲು ಊರಿನವರು ಸ್ವಲ್ಪ ಹೆದರುತ್ತಿದ್ದರು.

ತಮಿಳು ಸೀಮೆಯ ಬೆಟ್ಟದ ಬುಡದ ಆ ಊರಿನಲ್ಲಿ, ಮನೆಯೊಳಗೆ ಕನ್ನಡ ಮಾತಾಡುವ ಒಕ್ಕಲು ಜನರಿಗೆ ಎರಡು ಬೀದಿಗಳಿದ್ದವು. ಮೇಲಿನ ಬೀದಿಯಲ್ಲಿ ಮೂವತ್ತಾರು ಮನೆ, ಕೆಳಗಿನ ಬೀದಿಯಲ್ಲಿ ಹದಿನಾಲ್ಕು. ಮುತ್ತಮ್ಮಾಳ್ ಹುಟ್ಟಿದ್ದು ಮೇಲಿನ ಬೀದಿಯಲ್ಲಿ. ಹದಿನಾರನೇ ವಯಸ್ಸಿಗೆ ಕೆಳಬೀದಿಯ ಗಾಡಿ ಆಂಡಿಯನ್ನು ಮದುವೆಯಾಗಿ ಇನ್ನೂರು ಹೆಜ್ಜೆ ಇಳಿದು ಬಂದಳು. ತವರು ಅಷ್ಟು ಹತ್ತಿರ ಸಿಕ್ಕಿತಲ್ಲ ಎಂದು ಆಗ ಎಲ್ಲರೂ ಅವಳ ಅದೃಷ್ಟವನ್ನು ಹೊಗಳಿದ್ದರು.

ಎರಡು ಬೀದಿಗಳ ನಡುವೆ ಒಂದು ದೊಡ್ಡ ಹಾಸುಬಂಡೆ ಇತ್ತು. ನಾಲ್ಕು ಜೊತೆ ಎತ್ತು ಒಟ್ಟಿಗೆ ತುಳಿಸುವಷ್ಟು ಅಗಲ, ಅಂಗೈಯಷ್ಟು ನುಣುಪು. ಹಿಂದಿನಿಂದಲೂ ಎಲ್ಲರ ಸಜ್ಜೆ, ಜೋಳ, ಹುರುಳಿ ಅದರ ಮೇಲೆಯೇ ಒಕ್ಕಣೆಯಾಗುತ್ತಿತ್ತು. ಒಂದು ವರ್ಷ ಸುಗ್ಗಿಯಲ್ಲಿ ಯಾರ ಬೆಳೆ ಮೊದಲು ಎಂಬ ಮಾತು ಹುಟ್ಟಿ, ಬಂಡೆ ಯಾರದ್ದು ಎಂಬಲ್ಲಿಗೆ ಹೋಗಿ, ಕವೆಗೋಲಿನಿಂದ ಇಬ್ಬರ ತಲೆ ಒಡೆದು ನಿಂತಿತು. ಅಂದಿನಿಂದ ಇವರು ಅವರನ್ನು ಬಂಡೆ ಹತ್ತಲು ಬಿಡಲಿಲ್ಲ, ಅವರು ಇವರನ್ನು ಬಿಡಲಿಲ್ಲ. ಎರಡು ಬೀದಿಯವರೂ ತಮ್ಮ ತಮ್ಮ ಮಣ್ಣಿನ ಕಣದಲ್ಲಿ ಒಕ್ಕಣೆ ಮಾಡಿ, ಒಂಬತ್ತು ವರ್ಷ ಅನ್ನದಲ್ಲಿ, ರೊಟ್ಟಿಯಲ್ಲಿ, ಗಂಜಿಯಲ್ಲಿ ಮರಳು ಕಡಿಯುತ್ತಾ ಬಂದರು.

ಮೇಲಿನ ಬೀದಿಗೆ ಯಜಮಾನನಂತಿದ್ದ ಪೆರಿಯಣ್ಣನ್ ಮುತ್ತಮ್ಮಾಳ ಒಡಹುಟ್ಟಿದ ಅಣ್ಣ. ಒಡೆದ ಎರಡು ತಲೆಗಳಲ್ಲಿ ಒಂದು ಅವನದು. ಅವನು ಆ ಒಂಬತ್ತು ವರ್ಷ ತಂಗಿಯ ಹೊಸ್ತಿಲು ತುಳಿಯಲಿಲ್ಲ. ಒಂಬತ್ತನೇ ವರ್ಷದ ಆಡಿ ತಿಂಗಳಲ್ಲಿ ಅವಳ ಮಗಳು ರಾಜಮ್ಮಾಳ್ ಮೈನೆರೆದಾಗ ಹಸಿರು ಸೋಗೆಯ ಗುಡಿಸಲು ಕಟ್ಟಿಕೊಡಬೇಕಾದವನು ಸೋದರಮಾವ. ಅವನು ಬರಲಿಲ್ಲ. ಆಂಡಿಯೇ ತೆಂಗಿನ ಗರಿ ಕಡಿದು ತಂದು ಕಟ್ಟಿದ. ಅಪ್ಪ ಕಟ್ಟಿದ ಗುಡಿಸಲಲ್ಲಿ ಕೂತ ಹುಡುಗಿ ಎಂದು ನೆಂಟರು ಪಿಸುಗುಟ್ಟಿದ್ದು ಮುತ್ತಮ್ಮಾಳಿಗೆ ಕೇಳಿಸಿತು. ಕೇಳಿದ್ದು ಮರೆಯುವ ಹೆಂಗಸಲ್ಲ ಅವಳು.

ಆಂಡಿ ಎರಡು ವಾರಕ್ಕೊಮ್ಮೆ ಗಾಡಿಯಲ್ಲಿ ಹೊಗೆಸೊಪ್ಪು ಹೇರಿಕೊಂಡು ತೇಣಿ ದಾಟಿ ದಿಂಡುಗಲ್ಲಿಗೆ ಹೋಗಿ, ಬರುವಾಗ ಉಪ್ಪು, ಸೀಮೆಎಣ್ಣೆ, ಕಬ್ಬಿಣ ತರುತ್ತಿದ್ದ. ಜೊತೆಗೆ ಹೊಗೆಸೊಪ್ಪಿನ ಮಂಡಿಯಲ್ಲಿ ಓದಿ ಬಿಟ್ಟ ತಮಿಳು ವಾರಪತ್ರಿಕೆಗಳನ್ನೂ ಮಡಿಸಿ ತರುತ್ತಿದ್ದ. ಅವು ಜಗುಲಿಯ ಮೇಲೆ ತಿಣ್ಣೆ ಶಾಲೆ ನಡೆಸುವ ವಾತ್ಯಾರ್ ದುರೈಸಾಮಿಗೆ. ನಿಲಕ್ಕೋಟ್ಟೈ ಕಡೆಯಿಂದ ಬಂದು ನೆಲೆಸಿದ ಆ ತಮಿಳು ಮೇಷ್ಟ್ರು ಯಾವ ಬೀದಿಗೂ ಸೇರಿದವರಲ್ಲ. ಹಾಗಾಗಿ ಅವರ ಮನೆಯ ಜಗುಲಿಗೆ ಎರಡು ಬೀದಿಯವರೂ ಬರಬಹುದಿತ್ತು. ಮೇಲಿನವರು ಬಲಗಡೆ, ಕೆಳಗಿನವರು ಎಡಗಡೆ. ಮೇಷ್ಟ್ರು ತಮಿಳಿನಲ್ಲಿ ಓದುತ್ತಿದ್ದರು. ಮುತ್ತಮ್ಮಾಳ್ ಕಂಬಕ್ಕೆ ಒರಗಿ ನಿಂತು ಕೇಳಿಸಿಕೊಂಡು, ಆಮೇಲೆ ಬಾವಿಕಟ್ಟೆಯಲ್ಲಿ, ಹೊಲದಲ್ಲಿ, ಒಲೆ ಮುಂದೆ ಅದನ್ನೇ ಕನ್ನಡದಲ್ಲಿ, ಸ್ವಲ್ಪ ಉಪ್ಪು ಖಾರ ಹಚ್ಚಿ ಹೇಳುತ್ತಿದ್ದಳು.

1894ರ ಆವಣಿ ತಿಂಗಳ ಒಂದು ಮಧ್ಯಾಹ್ನ ಮೇಷ್ಟ್ರು ಓದಿದ್ದು ಚೀನಾಕ್ಕೂ ಜಪ್ಪಾನಿಗೂ ಯುದ್ಧ ಹತ್ತಿದ ಸುದ್ದಿ. ನಡುವೆ ಇರುವ ಕೊರಿಯಾ ಎಂಬ ಸೀಮೆ ಯಾರ ಮಾತು ಕೇಳಬೇಕು ಎಂಬುದು ಜಗಳ. ಅದೇ ಹೊತ್ತಿಗೆ ಹೊರಗೂ ಒಂದು ಜಗಳ ನಡೆದಿತ್ತು. ಕೆಳಬೀದಿಯ ಯಾರದೋ ಮೆಣಸಿನಕಾಯಿ ಹಾಸುಬಂಡೆಯ ಅಂಚಿನಲ್ಲಿ ಒಣಗುತ್ತಿತ್ತಂತೆ. ಮೇಲಿನವರು ಅದನ್ನು ಗುಡಿಸಿ ಹಾಕಿದ್ದರಂತೆ. ಜಗುಲಿಯ ಎರಡು ಬದಿಯವರೂ ಎದ್ದು ನಿಂತರು. ಮೇಷ್ಟ್ರು ಪತ್ರಿಕೆ ಮಡಿಸಿದರು.

ಮುತ್ತಮ್ಮಾಳ್ ಎಲೆಗೆ ಸುಣ್ಣ ಸವರುತ್ತಾ ತಮಾಷೆಗೆ ಒಂದು ಮಾತು ಹೇಳಿದಳು.

"ನಮಗ್ಯಾಕೆ ತಲೆ ಒಡೆದುಕೊಳ್ಳೋ ಕಷ್ಟ? ಅಲ್ಲಿ ಅವರು ಹೊಡೆದಾಡ್ತಾವರಲ್ಲ, ನಮ್ಮದನ್ನೂ ಸೇರಿಸಿ ಹೊಡೆದಾಡಲಿ. ನಮ್ಮಲ್ಲೊಂದು ಬೀದಿ ಚೀನಾ, ಒಂದು ಬೀದಿ ಜಪ್ಪಾನ್."

ಜನ ನಕ್ಕರು. ಆದರೆ ಪೆರಿಯಣ್ಣನ್ ನಗಲಿಲ್ಲ. ಮೇಷ್ಟ್ರ ಕಡೆ ತಿರುಗಿ, ಎರಡರಲ್ಲಿ ದೊಡ್ಡದು ಯಾವುದು ಎಂದು ಕೇಳಿದ. ಚೀನಾ ನಲವತ್ತು ಕೋಟಿ ಜನರಿರುವ, ಭೂಮಿಯ ಮೇಲೆ ಅತಿ ಹಳೆಯ ಸಾಮ್ರಾಜ್ಯ, ಜಪ್ಪಾನ್ ಸಮುದ್ರದಲ್ಲಿ ಚೆಲ್ಲಿದ ನಾಲ್ಕು ದ್ವೀಪ ಎಂದು ಮೇಷ್ಟ್ರು ವಿವರಿಸಿದರು. ಪೆರಿಯಣ್ಣನ್ ಹೆಗಲ ಮೇಲಿನ ತುಂಡುಬಟ್ಟೆ ಕೊಡವಿ, ಹಾಗಾದರೆ ಚೀನಾ ನಮ್ಮದು ಎಂದುಬಿಟ್ಟ. ಕೆಳಬೀದಿಯವರಿಗೆ ಉಳಿದದ್ದು ಜಪ್ಪಾನ್. ಬೇರೆ ಯಾವುದಾದರೂ ಸಿಗುತ್ತದೆಯೇ ಎಂದು ಆಂಡಿ ಮೇಷ್ಟ್ರನ್ನು ಮೆಲ್ಲಗೆ ವಿಚಾರಿಸಿದ. ಸಿಗಲಿಲ್ಲ.

ತಮಾಷೆ ಹಾಗೆ ನಿಜವಾಯಿತು. ಯುದ್ಧ ಮುಗಿದು ಅಲ್ಲಿ ಸೋತವರು ಗೆದ್ದವರಿಗೆ ಏನೇನು ಬಿಟ್ಟುಕೊಡುತ್ತಾರೋ, ಇಲ್ಲಿ ಸೋತ ಬೀದಿ ಗೆದ್ದ ಬೀದಿಗೆ ಅದೇ ಪ್ರಕಾರ ಬಿಟ್ಟುಕೊಡಬೇಕು, ಕಡಿಮೆಯೂ ಇಲ್ಲ ಹೆಚ್ಚೂ ಇಲ್ಲ ಎಂದು ಮೇಷ್ಟ್ರ ಕೈಯಲ್ಲಿ ಬರೆಸಿ, ಎರಡು ಕಡೆಯ ಹಿರಿಯರು ಮಣ್ಣು ಮುಟ್ಟಿ ಆಣೆ ಮಾಡಿದರು. ಒಂಬತ್ತು ವರ್ಷದಲ್ಲಿ ಎರಡು ಬೀದಿಯವರು ಒಪ್ಪಿದ ಮೊದಲ ಮಾತು ಅದು.

ಮುಂದಿನ ಗಾಡಿ ಬಂದಾಗ ಜಗುಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಿಯಾಂಗ್‌ಯಾಂಗ್ ಎಂಬ ಕೋಟೆ ಜಪ್ಪಾನಿನ ಕೈಗೆ ಬಿದ್ದಿತ್ತು. ಅದಾದ ಎರಡೇ ದಿನಕ್ಕೆ ಸಮುದ್ರದ ಮೇಲೆ ಚೀನಾದ ಹಡಗುಗಳು ಸುಟ್ಟಿದ್ದವು. ಕೆಳಬೀದಿಯವರು ಮೊದಲು ನಂಬಲಿಲ್ಲ. ಮೇಷ್ಟ್ರು ಮತ್ತೆ ಓದಿದರು. ಮೂರನೇ ಸಲ ಓದಿದಾಗ ಆಂಡಿ ಎದ್ದುಹೋಗಿ ಸುದ್ದಿ ತಂದ ತನ್ನ ಎತ್ತುಗಳ ಕೊರಳು ತಬ್ಬಿಕೊಂಡ.

ಬಾವಿಕಟ್ಟೆಯಲ್ಲಿ ಮುತ್ತಮ್ಮಾಳ್ ಆ ಸಮುದ್ರದ ಯುದ್ಧವನ್ನು ಎರಡು ದಿನ ಹೇಳಿದಳು. ಕೇಳಿದವರಲ್ಲಿ ಒಬ್ಬರೂ ಸಮುದ್ರ ಕಂಡವರಲ್ಲ, ಹೇಳುವವಳೂ ಕಂಡಿರಲಿಲ್ಲ. ಮಳೆಗಾಲದಲ್ಲಿ ತುಂಬಿದ ಕೆರೆಗೆ ದಡವೇ ಇಲ್ಲ ಅಂದುಕೊಳ್ಳಿ, ಅದರ ಮೇಲೆ ಕಬ್ಬಿಣದ ಗಾಡಿಗಳು, ಒಂದೊಂದರ ಹೊಟ್ಟೆಯಲ್ಲೂ ಕುಂಬಾರನ ಆವಿಗೆ ಎಂದಳು. ಕೊಡ ತುಂಬಿದ್ದರೂ ಯಾರೂ ಮನೆ ಕಡೆ ಹೊರಡಲಿಲ್ಲ.

ಕೆಳಬೀದಿಗೆ ಜಪ್ಪಾನಿನ ಅಮಲೇರಿತು. ಹದಿನಾಲ್ಕು ಮನೆಯವರು ಎದೆ ಮುಂದೆ ಮಾಡಿ ನಡೆದರು. ಎಪ್ಪತ್ತು ದಾಟಿದ ಪಿಚ್ಚೈಯಮ್ಮಾಳ್ ಎಂಬ ಮುದುಕಿ, ಚಿಕ್ಕದಾಗಿ ಚುರುಕಾಗಿರುವ ಎಲ್ಲದಕ್ಕೂ ಜಪ್ಪಾನ್ ಎಂದು ಹೆಸರಿಟ್ಟಳು. ಅವಳ ಕುಳ್ಳ ಸೊಸೆ ಜಪ್ಪಾನ್. ಹಾಲು ಹೆಚ್ಚು ಕೊಡುವ ಗಿಡ್ಡ ಆಡು ಜಪ್ಪಾನ್. ಬೆಂದರೂ ಖಾರ ಬಿಡದ ಕಾಂತಾರಿ ಎಂಬ ಪುಟ್ಟ ಮೆಣಸಿನಕಾಯಿಯೂ ಜಪ್ಪಾನ್.

ಮೇಲಿನ ಬೀದಿಯವರಿಗೆ ಅನುಮಾನ ಹತ್ತಿತು. ಆಂಡಿ ಬೇಕಾದ ಪತ್ರಿಕೆಗಳನ್ನು ಮಾತ್ರ ಆರಿಸಿ ತರುತ್ತಿದ್ದಾನೆ, ಚೀನಾ ಗೆದ್ದ ಸುದ್ದಿಗಳನ್ನು ದಾರಿಯಲ್ಲೇ ಎಸೆದು ಬರುತ್ತಿದ್ದಾನೆ ಎಂದು ಮಾತಾಡಿಕೊಂಡು, ತಮ್ಮದೇ ಒಬ್ಬ ನಂಬಿಕೆಯ ಮನುಷ್ಯನನ್ನು ದಿಂಡುಗಲ್ಲಿಗೆ ಕಳಿಸಿದರು. ಅವನು ಆರು ದಿನ ಹೋಗಿ ಬಂದು, ಚೀನಾದ ಅತಿ ಗಟ್ಟಿ ಬಂದರು ಕೋಟೆಯೇ ಒಂದು ದಿನದಲ್ಲಿ ಬಿದ್ದುಹೋಯಿತಂತೆ ಎಂಬ ಸುದ್ದಿ ತಂದ. ಆಂಡಿಯ ಪತ್ರಿಕೆಯಲ್ಲಿ ಅದು ಇನ್ನೂ ಬಂದಿರಲಿಲ್ಲ. ಮೇಲಿನ ಬೀದಿಯವರು ಆ ಮನುಷ್ಯನ ಜೊತೆ ಒಂದು ವಾರ ಮಾತು ಬಿಟ್ಟರು.

ಆ ಬಂದರಿನಲ್ಲಿ ಜಪ್ಪಾನಿನ ಸೈನಿಕರ ಕೈಯಲ್ಲಿ ಸತ್ತವರ ವಿವರ ಮುಂದಿನ ಗಾಡಿಯಲ್ಲಿ ಬಂತು. ಹೆಂಗಸರು, ಮುದುಕರು, ಅಂಗಡಿಯವರು. ಮೇಷ್ಟ್ರು ಅರ್ಧಕ್ಕೆ ಓದು ನಿಲ್ಲಿಸಿ ಕನ್ನಡಕ ಒರೆಸಿಕೊಂಡರು. ಆ ದಿನ ಬಾವಿಕಟ್ಟೆಯಲ್ಲಿ ಸುದ್ದಿ ಕೇಳಿದವರಿಗೆ ಮುತ್ತಮ್ಮಾಳ್, ಇವತ್ತು ನೀರು ಸೇದಿಕೊಂಡು ಹೋಗಿ ಎಂದಳು. ಪಿಚ್ಚೈಯಮ್ಮಾಳ್ ಕೂಡ ಎರಡು ದಿನ ತನ್ನ ಆಡನ್ನು ಆಡು ಎಂದೇ ಕರೆದಳು.

ಮುತ್ತಮ್ಮಾಳ ಸ್ಥಿತಿ ಉಳಿದವರಂತಿರಲಿಲ್ಲ. ಅವಳಿಗೆ ಗಂಡನ ಮನೆ ಜಪ್ಪಾನ್, ತವರು ಚೀನಾ. ಅತ್ತಿಗೆ ಕಣ್ಣಮ್ಮಾಳ್, ಅಂದರೆ ಪೆರಿಯಣ್ಣನ ಹೆಂಡತಿ, ಒಂಬತ್ತು ವರ್ಷ ಬಾವಿಯಲ್ಲಿ ಇವಳಿಗೆ ಬೆನ್ನು ಮಾಡಿ ನೀರು ಸೇದಿದವಳು. ಚೀನಾದ ಗತಿ ತಿಳಿಯುವ ಆಸೆಗೆ ಅವಳೇ ಈಗ ಪಕ್ಕಕ್ಕೆ ಸರಿದು ಬಂದು ನಿಲ್ಲತೊಡಗಿದಳು. ತೈ ತಿಂಗಳ ಕೊನೆಯಲ್ಲಿ ಒಂದು ದಿನ ಕೇಳಿಯೂಬಿಟ್ಟಳು.

"ಮುತ್ತಮ್ಮಾ, ನಿಜ ಹೇಳು. ನಮ್ಮದು ಇನ್ನೂ ಏನಾದರೂ ಉಳಿದದಾ?"

"ಉಳಿದದೆ ಅತ್ತಿಗೆ. ಬೇಕಾದಷ್ಟು ಉಳಿದದೆ. ಅದು ಬಾಳ ದೊಡ್ಡ ಸೀಮೆ."

ಕಣ್ಣಮ್ಮಾಳಿಗೆ ಎಷ್ಟು ಸಮಾಧಾನವಾಯಿತೆಂದರೆ ಮುತ್ತಮ್ಮಾಳ ಕೊಡವನ್ನೂ ತಾನೇ ಎತ್ತಿ ಸೊಂಟಕ್ಕಿಟ್ಟಳು. ಇಬ್ಬರಿಗೂ ನಗು ಬಂತು. ಯಾಕೆ ನಗುತ್ತಿದ್ದೇವೆಂದು ತಿಳಿಯದೆ ಇಬ್ಬರೂ ಬಾವಿಯ ಕಟ್ಟೆ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಪಂಗುನಿ ತಿಂಗಳಲ್ಲಿ ಚೀನಾ ಸೋಲೊಪ್ಪಿ, ಒಬ್ಬ ಮುದಿ ಮಂತ್ರಿಯನ್ನು ರಾಜಿ ಮಾತಿಗೆ ಜಪ್ಪಾನಿಗೆ ಕಳಿಸುತ್ತಿದೆ ಎಂಬ ಸುದ್ದಿ ಬಂತು. ಅಲ್ಲಿ ಹೇಗೋ ಇಲ್ಲೂ ಹಾಗೆಯೇ. ಮೇಲಿನ ಬೀದಿಯಿಂದಲೂ ಒಬ್ಬರು ಮಾತಿಗೆ ಇಳಿದು ಬರಬೇಕು ಎಂದು ಕೆಳಬೀದಿಯವರು ಹೇಳಿ ಕಳಿಸಿದರು. ಬೇರೆ ಯಾರೂ ಒಪ್ಪಲಿಲ್ಲ. ಸೋತ ಮುಖ ಹೊತ್ತು ಪೆರಿಯಣ್ಣನೇ ಹೊರಟ.

ಒಂದು ಬೆಳಿಗ್ಗೆ ಅವನು ಒಗೆದ ಪಂಚೆಯುಟ್ಟು, ತಲೆಗೆ ಬಿಳಿ ರುಮಾಲು ಕಟ್ಟಿ, ಕೆಳಬೀದಿಗೆ ಕಾಲಿಟ್ಟ. ಮಾತುಕತೆ ಆಂಡಿಯ ಮನೆಯ ಅಂಗಳದಲ್ಲೆಂದು ಗೊತ್ತಾಗಿತ್ತು. ಹದಿನಾಲ್ಕು ಮನೆಯವರೂ ಬಾಗಿಲಲ್ಲಿ ನಿಂತಿದ್ದರು. ಮುತ್ತಮ್ಮಾಳ್ ಕಾಲು ತೊಳೆಯಲು ಚೆಂಬಲ್ಲಿ ನೀರು ಹಿಡಿದು ಹೊಸ್ತಿಲಲ್ಲಿ ನಿಂತಳು. ಅವನು ಇನ್ನೊಂದು ಹೆಜ್ಜೆ ಇಟ್ಟರೆ ಅಂಗಳ. ಅಷ್ಟರಲ್ಲಿ ಪಿಚ್ಚೈಯಮ್ಮಾಳ ಕೆಂದ ಬಣ್ಣದ ಬೇಟೆನಾಯಿ ಎರಡು ಮನೆಯಾಚೆಯಿಂದ ಹಗ್ಗ ಕಿತ್ತುಕೊಂಡು ಬಂದು, ಬೊಗಳುವ ಗೋಜಿಗೂ ಹೋಗದೆ, ಪೆರಿಯಣ್ಣನ ಎಡಗಾಲ ಮೀನಖಂಡಕ್ಕೆ ಬಾಯಿ ಹಾಕಿತು.

ಗಲಾಟೆಯಲ್ಲಿ ಚೆಂಬಿನ ನೀರೆಲ್ಲ ನಾಯಿಯ ಮೇಲೆ ಬಿತ್ತು. ನಾಲ್ಕು ಜನ ಹಿಡಿದು ಬಿಡಿಸಿದರು. ಪೆರಿಯಣ್ಣನನ್ನು ಎತ್ತಿ ತಂದು ಹತ್ತಿರದ ಮನೆಯೊಳಗೆ ಮಲಗಿಸಿದರು. ಹತ್ತಿರದ ಮನೆ ತಂಗಿಯದು. ನಾಟಿ ವೈದ್ಯ ಬಂದು ಗಾಯ ತೊಳೆದು ಸೊಪ್ಪು ಕಟ್ಟಿ, ಎಂಟು ದಿನ ಈ ಮಂಚ ಬಿಟ್ಟು ಏಳಕೂಡದು ಎಂದು ಹೇಳಿ ಹೋದ.

ಮೊದಲ ದಿನ ಪೆರಿಯಣ್ಣನ್ ಗೋಡೆಗೆ ಮುಖ ಮಾಡಿ ಮಲಗಿದ. ಎರಡನೇ ದಿನ ಹಸಿವು ತಡೆಯದೆ ಎದ್ದು ಕೂತ. ಮುತ್ತಮ್ಮಾಳ್ ಸಜ್ಜೆ ರೊಟ್ಟಿ, ಅವರೆಕಾಳಿನ ಸಾರು ಬಡಿಸಿದಳು. ಮೊದಲ ತುತ್ತು ಕಡಿದಾಗ ಕಟಕ್ ಎಂದಿತು. ಅವನು ಅಗಿಯುವುದು ನಿಲ್ಲಿಸಿ ತಂಗಿಯ ಮುಖ ನೋಡಿದ.

"ನಿಮ್ಮ ಮನೇಲೂ ಮರಳಾ?"

"ಒಂಬತ್ತು ವರ್ಷದಿಂದ, ಅಣ್ಣ."

"ನಿಮ್ಮ ಕಣ ಚೆನ್ನಾಗಿದೆ ಅಂತ ಕೇಳಿದ್ದೆ. ನಮಗೆ ಮಾತ್ರ ಅಂದುಕೊಂಡಿದ್ದೆ."

ಅವನು ಮತ್ತೊಂದು ತುತ್ತು ಮುರಿದ. ಅದೂ ಕಟಕ್ ಎಂದಿತು. ಅವನ ಭುಜ ಅಲುಗತೊಡಗಿತು. ಅಳುತ್ತಿದ್ದಾನೆಂದು ಮುತ್ತಮ್ಮಾಳ್ ಗಾಬರಿಯಾದಳು. ನೋಡಿದರೆ ನಗುತ್ತಿದ್ದ. ಬಾಗಿಲ ಸಂದಿನಿಂದ ಇಣುಕುತ್ತಿದ್ದ ರಾಜಮ್ಮಾಳನ್ನು ಅವನು ಹತ್ತಿರ ಕರೆದ. ನೀನು ಇಷ್ಟುದ್ದ ಯಾವಾಗ ಆದೆ ಎಂದು ಕೇಳಿದ. ಉತ್ತರ ಕೇಳುವ ಮೊದಲೇ ತಲೆ ತಗ್ಗಿಸಿ ರೊಟ್ಟಿ ತಿನ್ನತೊಡಗಿದ.

ಅವನು ಮಂಚದಲ್ಲಿರುವಾಗಲೇ ಗಾಡಿ ಬಂತು. ಮೇಷ್ಟ್ರು ಪತ್ರಿಕೆ ಹಿಡಿದು ಜಗುಲಿ ಬಿಟ್ಟು ನೇರ ಆಂಡಿಯ ಮನೆಗೇ ಬಂದರು. ಹಿಂದೆ ಎರಡು ಬೀದಿಯವರೂ ಬಂದರು. ಸುದ್ದಿ ಇಷ್ಟು. ರಾಜಿ ಮಾತಿಗೆಂದು ಜಪ್ಪಾನಿಗೆ ಹೋಗಿದ್ದ ಚೀನಾದ ಮುದಿ ಮಂತ್ರಿ ಮಾತು ಮುಗಿಸಿ ಬಿಡಾರಕ್ಕೆ ಮರಳುವಾಗ, ಗುಂಪಿನಿಂದ ಒಬ್ಬ ಜಪ್ಪಾನಿನವನು ನುಗ್ಗಿ ಬಂದು ಅವರ ಮುಖಕ್ಕೆ ಗುಂಡು ಹಾರಿಸಿದ. ಗುಂಡು ಕೆನ್ನೆ ಹೊಕ್ಕಿತು. ಜೀವ ಉಳಿಯಿತು.

ಎಲ್ಲರ ಕಣ್ಣು ಮೆಲ್ಲಗೆ ಪೆರಿಯಣ್ಣನ ಕಾಲಿನ ಕಟ್ಟಿನ ಮೇಲೆ ಹೋಯಿತು. ಮೊದಲು ಯಾರು ನಕ್ಕರೋ ಗೊತ್ತಿಲ್ಲ. ಆಮೇಲೆ ಅಂಗಳದಲ್ಲಿ ನಿಂತವರು ನಗುತ್ತಾ ಕುಳಿತರು, ಕುಳಿತವರು ಪಕ್ಕಕ್ಕೆ ವಾಲಿದರು. ಮೇಷ್ಟ್ರ ಕನ್ನಡಕ ಬಿತ್ತು. ಪೆರಿಯಣ್ಣನ್ ಕಾಲು ಹಿಡಿದುಕೊಂಡು, ನಗಿಸಬೇಡಿ ನೋಯುತ್ತದೆ ಎಂದು ಬೇಡಿಕೊಂಡ.

ನಕ್ಕು ಮುಗಿದ ಮೇಲೆ ಕೆಳಬೀದಿಗೆ ನಾಚಿಕೆಯಾಯಿತು. ಮಾತಿಗೆಂದು ಬಂದವನನ್ನು ಗಾಯ ಮಾಡಿದ್ದಕ್ಕೆ ಜಪ್ಪಾನಿನ ದೊರೆಯೇ ತಲೆತಗ್ಗಿಸಿ ತನ್ನ ವೈದ್ಯರನ್ನು ಕಳಿಸಿದನಂತೆ, ಯುದ್ಧ ನಿಲ್ಲಿಸಲು ಒಪ್ಪಿದನಂತೆ ಎಂದು ಮೇಷ್ಟ್ರು ಉಳಿದದ್ದನ್ನು ಓದಿದರು. ಅಂದು ಮಧ್ಯಾಹ್ನದೊಳಗೆ ಹದಿನಾಲ್ಕು ಮನೆಯಿಂದ ಹದಿನಾಲ್ಕು ಪಾತ್ರೆ ಪೆರಿಯಣ್ಣನ ಮಂಚದ ಪಕ್ಕ ಬಂದು ಕೂತವು. ಹುರುಳಿ ಕಟ್ಟಿನ ಸಾರು, ನಾಟಿ ಕೋಳಿ, ಬೆಲ್ಲದ ಹಿಟ್ಟು, ಎಳ್ಳುಂಡೆ. ಪಿಚ್ಚೈಯಮ್ಮಾಳ್ ತನ್ನ ಗಿಡ್ಡ ಆಡಿನ ಹಾಲು ತಂದು, ನಾಯಿಯ ಪರವಾಗಿ ತಾನು ತಪ್ಪೊಪ್ಪುತ್ತೇನೆ ಎಂದಳು. ವೈದ್ಯ ಹೇಳಿದ ಎಂಟು ದಿನ ಮುಗಿದರೂ ಪೆರಿಯಣ್ಣನಿಗೆ ಕಾಲು ಊರಲು ಆಗಲಿಲ್ಲ. ಹತ್ತನೇ ದಿನ ಹಿತ್ತಲಲ್ಲಿ ಅವನು ಕಲಗಚ್ಚಿನ ಬಾನಿಯನ್ನು ಸಲೀಸಾಗಿ ಹಾರಿ ದಾಟಿದ್ದನ್ನು ಮುತ್ತಮ್ಮಾಳ್ ಕಂಡಳು. ಕಂಡೂ ಅವನಿಗೆ ಇನ್ನೆರಡು ದಿನ ಮಂಚದ ಮೇಲೆಯೇ ಊಟ ಕೊಟ್ಟಳು.

ಚಿತ್ತಿರೈ ತಿಂಗಳ ಕೊನೆಗೆ ರಾಜಿಯ ಕರಾರುಗಳು ಬಂದವು. ಮೇಷ್ಟ್ರು ಒಂದೊಂದಾಗಿ ಓದಿದರು. ಚೀನಾ ಪಾರ್ಮೋಸಾ ಎಂಬ ದೊಡ್ಡ ದ್ವೀಪವನ್ನೂ ಅದರ ಪಕ್ಕದ ಸಣ್ಣ ದ್ವೀಪಗಳನ್ನೂ ಜಪ್ಪಾನಿಗೆ ಬಿಟ್ಟುಕೊಡಬೇಕು. ಉತ್ತರದಲ್ಲಿ ಲಿಯಾತುಂಗ್ ಎಂಬ ನೆಲದ ಮೂತಿಯನ್ನು ಬಿಟ್ಟುಕೊಡಬೇಕು. ಇಪ್ಪತ್ತು ಕೋಟಿ ಬೆಳ್ಳಿ ತೆರಬೇಕು. ಕೊರಿಯಾ ಇನ್ನು ಮೇಲೆ ಚೀನಾಕ್ಕೆ ಕಪ್ಪ ಕೊಡುವುದಿಲ್ಲ, ಅದು ಸ್ವತಂತ್ರ.

ಇದನ್ನು ಕೊಂಬೈಯ ನೆಲದ ಮೇಲೆ ಹೇಗೆ ಇಳಿಸುವುದು ಎಂದು ಹಿರಿಯರು ತಲೆ ಕೆರೆದುಕೊಂಡರು. ಪೂರ್ತಿ ಕರಾರು ಬಾಯಲ್ಲಿ ಇದ್ದವಳು ಮುತ್ತಮ್ಮಾಳ್ ಒಬ್ಬಳೇ. ಮೇಲಾಗಿ ಅವಳು ಎರಡೂ ಬೀದಿಗೆ ಸೇರಿದವಳು. ನೀನೇ ಹೇಳು ಎಂದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕಡೆಯವರನ್ನು ಬಂಡೆಯ ಹತ್ತಿರ ಕರೆದುಕೊಂಡು ಹೋಗಿ, ಕೈ ತೋರಿಸಿ ಹಂಚಿದಳು. ಹಾಸುಬಂಡೆ ಪಾರ್ಮೋಸಾ. ಪಕ್ಕದ ಮೂರು ಗುಂಡುಕಲ್ಲುಗಳು ಸಣ್ಣ ದ್ವೀಪ. ಗಾಡಿದಾರಿಯಿಂದ ಬಂಡೆಗೆ ಬರುವ ಓಣಿ ಲಿಯಾತುಂಗ್. ದನ ನೀರು ಕುಡಿಯುವ ಕಲ್ಲುತೊಟ್ಟಿ ಕೊರಿಯಾ, ಅದು ಇನ್ನು ಯಾರದ್ದೂ ಅಲ್ಲ, ಬಾಯಾರಿದ ದನದ್ದು. ಇಪ್ಪತ್ತು ಕೋಟಿಗೆ ಇಪ್ಪತ್ತು ಕುಂಬಳಕಾಯಿ.

ಮೇಲಿನ ಬೀದಿಯಲ್ಲಿ ಗುಸುಗುಸು ಎದ್ದಿತು. ಪೆರಿಯಣ್ಣನ್ ಯಾರಿಗೂ ಮಾತಾಡಲು ಬಿಡದೆ ಮುಂದೆ ಬಂದು ಮೇಷ್ಟ್ರು ಬರೆದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ. ಮಣ್ಣು ಮುಟ್ಟಿದ್ದೇವೆ ಎಂದಷ್ಟೇ ಹೇಳಿದ. ಮಾರನೇ ದಿನ ಇಪ್ಪತ್ತು ಕುಂಬಳಕಾಯಿ ಗಾಡಿಯಲ್ಲಿ ಇಳಿದು ಬಂದವು. ಕೆಳಬೀದಿಯವರು ಅದರಲ್ಲಿ ಹನ್ನೆರಡನ್ನು ಒಟ್ಟಿಗೆ ಹುಳಿ ಮಾಡಿ ಮೇಲಿನ ಬೀದಿಗೂ ಕಳಿಸಿದರು.

ಗೆಲುವಿನ ಸುಖ ಇಪ್ಪತ್ತು ದಿನ ಇತ್ತು. ಆಮೇಲೆ ಬಂದ ಪತ್ರಿಕೆ ಓದುತ್ತಾ ಮೇಷ್ಟ್ರ ದನಿ ಸಣ್ಣದಾಯಿತು. ರುಷ್ಯ, ಜರ್ಮನಿ, ಫ್ರಾನ್ಸ್ ಮೂರೂ ಸೇರಿ, ಲಿಯಾತುಂಗ್ ವಾಪಸು ಕೊಡುವುದು ಒಳ್ಳೆಯದು ಎಂದು ಜಪ್ಪಾನಿಗೆ ಬುದ್ಧಿ ಹೇಳಿದ್ದವು. ಬುದ್ಧಿ ಹೇಳುವಾಗ ಹಡಗುಗಳನ್ನೂ ಹತ್ತಿರ ತಂದು ನಿಲ್ಲಿಸಿದ್ದವು. ಜಪ್ಪಾನ್ ಒಪ್ಪಿಕೊಂಡಿತ್ತು.

ಈಗ ಕುಣಿಯುವ ಸರದಿ ಮೇಲಿನ ಬೀದಿಯದು. ಒಬ್ಬರು ತಮಟೆ ತಂದರು. ಕಣ್ಣಮ್ಮಾಳ್ ಬಾವಿಯಿಂದ ಕೊಡ ಬಿಟ್ಟು ಓಡಿ ಬಂದಳು. ರಾಜಿ ಮುಗಿದುಹೋಗಿದೆ, ಹೆಬ್ಬೆಟ್ಟು ಬಿದ್ದಿದೆ, ಇನ್ನು ಏನೂ ಕೊಡುವುದಿಲ್ಲ ಎಂದು ಕೆಳಬೀದಿಯವರು ಹಟ ಹಿಡಿದರು. ಒಂದು ಕೋಲೂ ಎತ್ತದ ಆ ಮೂವರು ಯಾರು ನಡುವೆ ಬರಲು ಎಂದು ಪಿಚ್ಚೈಯಮ್ಮಾಳ್ ಮೇಷ್ಟ್ರನ್ನು ಕೇಳಿದಳು. ಮೂರು ದಿನ ಮಾತು ಬೆಳೆಯಿತು. ಮೂರನೇ ದಿನ ಯಾರ ಕೈಯಲ್ಲೋ ಮತ್ತೆ ಕವೆಗೋಲು ಕಾಣಿಸಿತು.

ಮುತ್ತಮ್ಮಾಳ್ ಬಂಡೆ ಹತ್ತಿ ನಿಂತಳು. ಬಂಡೆ ಹತ್ತಲು ಈಗ ಅವಳಿಗೆ ಹಕ್ಕಿತ್ತು.

"ಓಣಿ ವಾಪಸು ಕೊಡೋಣ" ಎಂದಳು. "ಅಲ್ಲಿ ಹೇಗೋ ಇಲ್ಲೂ ಹಾಗೇ ಅಂತ ಮಣ್ಣು ಮುಟ್ಟಿದೋರು ನಾವು. ಓಣಿ ಅವರದು, ಬಂಡೆ ನಮ್ಮದು. ಅವರು ದಾರಿ ಬಿಡದೆ ನಮ್ಮ ಗಾಡಿ ಬಂಡೆಗೆ ಬರಲ್ಲ. ನಾವು ಬಂಡೆ ಬಿಡದೆ ಅವರ ಓಣಿ ಎಲ್ಲಿಗೂ ಹೋಗಲ್ಲ. ಬೇಕಾದರೆ ಇನ್ನೂ ಒಂಬತ್ತು ವರ್ಷ ಮರಳು ತಿನ್ನೋಣ. ನನ್ನ ಹಲ್ಲು ಗಟ್ಟಿಯಾಗಿದಾವೆ."

ಎರಡು ಕಡೆಯವರೂ ಓಣಿಯನ್ನು ನೋಡಿದರು, ಬಂಡೆಯನ್ನು ನೋಡಿದರು. ಓಣಿ ಬಂಡೆಯ ಹತ್ತಿರ ಬಂದು ಅಲ್ಲೇ ಮುಗಿಯುತ್ತಿತ್ತು. ಅಷ್ಟು ವರ್ಷ ದಿನವೂ ಕಂಡದ್ದನ್ನು ಈಗ ಹೊಸದಾಗಿ ನೋಡಿದರು. ಮೊದಲು ಬಾಯಿಬಿಟ್ಟವನು ಆಂಡಿ. ನಾನು ಇವಳ ಜೊತೆ ಹದಿನೇಳು ವರ್ಷದಿಂದ ವಾದ ಮಾಡುತ್ತಿದ್ದೇನೆ, ಒಂದರಲ್ಲೂ ಗೆದ್ದಿಲ್ಲ, ನೀವು ಹೊತ್ತು ಕಳೆಯಬೇಡಿ ಎಂದು ಹೇಳಿ ಮನೆ ಕಡೆ ಹೊರಟ. ಒಬ್ಬೊಬ್ಬರಾಗಿ ಉಳಿದವರೂ ಕರಗಿದರು. ಜಪ್ಪಾನಿಗೆ ಆ ನೆಲ ಬಿಟ್ಟಿದ್ದಕ್ಕೆ ಇನ್ನೂ ಮೂರು ಕೋಟಿ ಬೆಳ್ಳಿ ಸಿಕ್ಕಿತೆಂದು ಕಾರ್ತಿಕದಲ್ಲಿ ತಿಳಿದಾಗ, ಕೇಳುವ ಮೊದಲೇ ಮೇಲಿನ ಬೀದಿಯಿಂದ ಮೂರು ಕುಂಬಳಕಾಯಿ ಬಂದವು.

ಮುಂದಿನ ತೈ ತಿಂಗಳಲ್ಲಿ ಹತ್ತು ವರ್ಷದ ಮೇಲೆ ಬಂಡೆಯ ಮೇಲೆ ಎತ್ತುಗಳು ಸುತ್ತಿದವು. ಒಂದು ದಿನ ಅವರದು, ಒಂದು ದಿನ ಇವರದು, ಮೂರನೇ ದಿನದಿಂದ ಯಾರದು ಯಾವುದೆಂದು ಲೆಕ್ಕ ತಪ್ಪಿತು. ಹೊಸ ಸಜ್ಜೆಯ ಮೊದಲ ರೊಟ್ಟಿಯನ್ನು ಜನ ಹೆದರಿ ಹೆದರಿ, ಹಲ್ಲು ಹಗುರವಾಗಿ ಊರಿ ಕಡಿದರು. ಏನೂ ಸದ್ದಾಗಲಿಲ್ಲ. ಪಿಚ್ಚೈಯಮ್ಮಾಳ್ ಮಾತ್ರ ಏನೋ ಕಡಿಮೆಯಾದಂತಿದೆ ಎಂದು ಗೊಣಗಿದಳು.

ಅದೇ ವಾರ ಪೆರಿಯಣ್ಣನ್ ಒಂದು ಗಾಡಿ ಹಸಿ ತೆಂಗಿನ ಗರಿ ಹೇರಿಕೊಂಡು ತಂಗಿಯ ಮನೆ ಮುಂದೆ ಇಳಿಸಿದ. ರಾಜಮ್ಮಾಳಿಗೆ ಸೋದರಮಾವನ ಗುಡಿಸಲು ಕಟ್ಟಬೇಕು ಎಂದ. ಹುಡುಗಿ ನೆರೆದು ಒಂದೂವರೆ ವರ್ಷವಾಯಿತು, ಈಗ ಎಲ್ಲಿಯ ಗುಡಿಸಲು ಎಂದು ಮುತ್ತಮ್ಮಾಳ್ ಕೇಳಿದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಳಗಿನಿಂದ ಮಧ್ಯಾಹ್ನದ ತನಕ ಬೆವರಿಳಿಸಿ ಕಟ್ಟಿದ. ಕೈ ಮರೆತ ಕೆಲಸ, ಗುಡಿಸಲು ಒಂದು ಕಡೆ ವಾಲಿಕೊಂಡಿತು. ರಾಜಮ್ಮಾಳ್ ನಾಚಿ, ಗೆಳತಿಯರ ಎದುರು ಆಗದು ಎಂದು ಅತ್ತಳು. ಕೊನೆಗೆ ಮಾವನ ಮುಖ ನೋಡಲಾಗದೆ ಒಳಗೆ ಹೋಗಿ ಕೂತಳು. ಕಣ್ಣಮ್ಮಾಳ್ ಹೊಸ ಸೀರೆ, ಬಳೆ, ಹೂವು ಹೊತ್ತು ತಂದಳು. ಅಷ್ಟರಲ್ಲಿ ಗುಡಿಸಲು ಮೆಲ್ಲನೆ ಬಗ್ಗಿ ಹುಡುಗಿಯ ಮೇಲೆಯೇ ಮಲಗಿತು. ಗರಿಗಳ ಅಡಿಯಿಂದ ಅವಳ ನಗು ಕೇಳಿಸಿತು. ಆಂಡಿ, ಪೆರಿಯಣ್ಣನ್ ಇಬ್ಬರೂ ಸೇರಿ ಎತ್ತಿ ಮತ್ತೆ ನಿಲ್ಲಿಸಿದರು. ಮುತ್ತಮ್ಮಾಳ್ ಒಳಗೆ ಹೋಗಿ, ಅಡುಗೆಮನೆಯ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಒಬ್ಬಳೇ ಕೂತು ಬಂದಳು.

ಆ ಬೇಸಿಗೆಯಲ್ಲಿ ಅವಳು ಮೊದಲ ಸಲ ಕಣಿವೆ ಬಿಟ್ಟು ಹೊರಗೆ ಹೋದಳು. ರಾಜಮ್ಮಾಳ ಮದುವೆಗೆ ಪಾತ್ರೆ ಕೊಳ್ಳಲು ಆಂಡಿಯ ಗಾಡಿಯಲ್ಲಿ ದಿಂಡುಗಲ್ಲಿಗೆ ಪ್ರಯಾಣ. ರೈಲು ಕಂಡಳು, ಚುಟ್ಟ ಸುತ್ತುವ ಸಾಲು ಸಾಲು ಕೈಗಳನ್ನು ಕಂಡಳು. ಹೊಗೆಸೊಪ್ಪಿನ ಮಂಡಿಯಲ್ಲಿ ಆಂಡಿ ಮೂಟೆ ತೂಗಿಸುವಾಗ ಒಳಗೋಡೆಗೆ ಒಂದು ದೊಡ್ಡ ಬಣ್ಣದ ಹಾಳೆ ತೂಗಿತ್ತು. ಅದೇನೆಂದು ಕೇಳಿದಳು. ಗುಮಾಸ್ತ ತಮಿಳಿನಲ್ಲಿ, ಅದು ಲೋಕದ ಪಟ ಅಮ್ಮಾ ಎಂದ. ಹಾಗಾದರೆ ಚೀನಾ ಎಲ್ಲಿ ಎಂದು ಕೇಳಿದಳು. ಅವನು ಕೈಯಗಲಿಸಿ ಹಳದಿ ಬಣ್ಣದ ಅಷ್ಟಗಲ ಜಾಗ ತೋರಿಸಿದ. ಜಪ್ಪಾನ್ ಎಲ್ಲಿ ಎಂದಳು. ಕಿರುಬೆರಳಿನಿಂದ ಕೆಂಪು ಚೂರುಗಳನ್ನು ತೋರಿಸಿದ.

ಮುತ್ತಮ್ಮಾಳ್ ತುಂಬಾ ಹೊತ್ತು ನೋಡುತ್ತಾ ನಿಂತಳು. ಆಮೇಲೆ ಪಾರ್ಮೋಸಾ ಎಲ್ಲಿ ಎಂದು ಕೇಳಿದಳು. ಗುಮಾಸ್ತ ಅವಳ ಮಣ್ಣು ಮೆತ್ತಿದ ಕಾಲು, ಒರಟು ಸೀರೆ ನೋಡಿದ. ಹಾಳೆಯ ಮೇಲೆ ಹುಡುಕಿ, ಒಂದು ಎಲೆಯಂಥ ದ್ವೀಪಕ್ಕೆ ಬೆರಳಿಟ್ಟ.

"ಇದಕ್ಕೆ ಹಳದಿ ಯಾಕೆ ಹಚ್ಚಿದೀರಿ? ಇದು ಈಗ ಚೀನಾದ್ದಲ್ಲ" ಎಂದಳು ಅವಳು. "ಹೋದ ವರ್ಷವೇ ಬಿಟ್ಟುಕೊಟ್ಟಾಯಿತು. ಇದೂ, ಪಕ್ಕದ ಸಣ್ಣವೂ. ಮೇಲೆ ಲಿಯಾತುಂಗ್ ಹಾಗೇ ಇರಲಿ, ಅದನ್ನು ವಾಪಸು ಕೊಟ್ಟರು."

ಗುಮಾಸ್ತ ಪಟದ ಮೂಲೆಯಲ್ಲಿ ಅಚ್ಚಾದ ವರ್ಷ ನೋಡಿದ. 1889. ಒಳಗಿಂದ ಮಂಡಿಯ ಯಜಮಾನನೂ ಬಂದು ನಿಂತ. ಕೊಂಬೈಯ ಹೆಂಗಸು ಕರಾರು ಒಂದೊಂದಾಗಿ ಹೇಳಿದಳು. ಹೇಳಿ ಮುಗಿಸುವ ತನಕ ತಕ್ಕಡಿ ಹಿಡಿದವರೂ ಕೆಲಸ ನಿಲ್ಲಿಸಿದ್ದರು. ಯಜಮಾನ ಮೇಜಿನ ಮೇಲಿದ್ದ ಕೆಂಪು ಶಾಯಿಯ ಕುಡಿಕೆ ತೆಗೆದು ಗುಮಾಸ್ತನಿಗೆ ಕೊಟ್ಟ. ಗುಮಾಸ್ತ ಮುಕ್ಕಾಲಿಯ ಮೇಲೆ ಹತ್ತಿ, ನಾಲಿಗೆ ಕಚ್ಚಿ, ಆ ದ್ವೀಪಕ್ಕೆ ಅಂಚು ತಪ್ಪದಂತೆ ಕೆಂಪು ಹಚ್ಚಿದ. ಪಕ್ಕದ ಸಣ್ಣ ಚುಕ್ಕೆಗಳನ್ನು ಬಿಟ್ಟಿದ್ದೀರಿ ಎಂದು ಮುತ್ತಮ್ಮಾಳ್ ಕೆಳಗಿನಿಂದ ನೆನಪಿಸಿದಳು. ಅವನ್ನೂ ಹಚ್ಚಿದ.

ಗಾಡಿ ಬತ್ತಲಗುಂಡು ದಾಟುವ ತನಕ ಅವಳು ಹೊಸ ಹಿತ್ತಾಳೆ ಪಾತ್ರೆಗಳ ನಡುವೆ ಕೂತು ಒಳಗೊಳಗೇ ನಗುತ್ತಿದ್ದಳು. ಏನೆಂದು ಆಂಡಿ ಹಿಂದೆ ತಿರುಗಿ ಕೇಳಿದ.

"ಅಣ್ಣನಿಗೆ ಹೇಳಬೇಡಿ" ಎಂದಳು. "ಚೀನಾ ಅಷ್ಟು ದೊಡ್ಡದು ಅಂತ ಗೊತ್ತಾದರೆ ನಾಳೆನೇ ಬಂಡೆ ವಾಪಸು ಕೇಳ್ತಾನೆ."

ಆಂಡಿ ಎತ್ತುಗಳನ್ನು ನಿಲ್ಲಿಸಿ ನಕ್ಕ. ಪಾತ್ರೆಗಳು ಒಂದಕ್ಕೊಂದು ತಾಗಿ ಝಣ್ ಎಂದವು. ದಾರಿ ಬದಿಯ ತೋಪಿನಲ್ಲಿ ಮಾವಿನಹಣ್ಣು ಮಾರುತ್ತಿದ್ದವಳು ಇವರಿಬ್ಬರ ನಗು ಕಂಡು ತಾನೂ ನಕ್ಕಳು. ಅವಳ ಹತ್ತಿರ ಒಂದು ಬುಟ್ಟಿ ಹಣ್ಣು ಕೊಂಡು, ಅರ್ಧವನ್ನು ಅಲ್ಲೇ ಗಾಡಿಯ ನೆರಳಲ್ಲಿ ಕೂತು, ಮೊಣಕೈ ತನಕ ರಸ ಸುರಿಸಿಕೊಂಡು ತಿಂದರು.